ದುಡ್ಡು ಕೊಟ್ಟು ಸೋಲುವ ಆಟ

ಟಿಕೆಟ್ ಕೊಂಡು ಒಳಗೆ ಹೋದವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಜನ ಸೋತೇ ಹೊರಗೆ ಬರುತ್ತಾರೆ. ಆದರೂ ಯಾರೂ ದುಡ್ಡು ವಾಪಸ್ ಕೇಳುವುದಿಲ್ಲ, ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ. ಗೇಟಿನ ಹೊರಗೇ ಗುಂಪುಗಟ್ಟಿ ನಿಂತು ‘ಅಯ್ಯೋ, ಆ ಮೊದಲನೇ ಕಾಗದ ಮಡಚಿ ನೋಡಿದ್ದರೆ ಸಾಕಿತ್ತಲ್ಲ’ ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಮುಂದಿನ ಆಟ ಯಾವಾಗ ಎಂದು ವಿಚಾರಿಸಿಕೊಂಡು ಮನೆಗೆ ಹೋಗುತ್ತಾರೆ. ಜಪಾನಿನಲ್ಲಿ ಹುಟ್ಟಿದ ಈ ಮನರಂಜನೆಯ ಹೆಸರು ‘ರಿಯಲ್ ಎಸ್ಕೇಪ್ ಗೇಮ್’. ಅನಿಮೆ ಎಂದು ಕರೆಸಿಕೊಳ್ಳುವ ಜಪಾನಿ ಕಾರ್ಟೂನುಗಳಲ್ಲಿ ಜನಪ್ರಿಯವಾದ ಕಥೆಯೊಂದನ್ನು ಎತ್ತಿಕೊಂಡು, ಕ್ರೀಡಾಂಗಣವನ್ನೋ ದೊಡ್ಡ ಸಭಾಂಗಣವನ್ನೋ ಬಾಡಿಗೆಗೆ ಹಿಡಿದು, ನೂರಾರು, ಕೆಲವೊಮ್ಮೆ ಸಾವಿರಾರು ಅಭಿಮಾನಿಗಳನ್ನು ಒಟ್ಟಿಗೇ ಒಳಗೆ ಬಿಟ್ಟು, ‘ಇಷ್ಟು ಹೊತ್ತಿನೊಳಗೆ ಒಗಟು ಬಿಡಿಸಿ ಪಾರಾಗಿ’ ಅನ್ನುವುದು ಇದರ ಅತಿ ದೊಡ್ಡ ರೂಪ.

ನಮ್ಮ ಕತ್ರಿಗುಪ್ಪೆಯಲ್ಲಿ ಶನಿವಾರ ಸಂಜೆ ವಾಟರ್ ಟ್ಯಾಂಕ್ ಕಡೆಯಿಂದ ರಿಂಗ್ ರೋಡ್ ಸಿಗ್ನಲ್‌ವರೆಗೆ ನಡೆದುಕೊಂಡು ಬಂದರೆ, ಬೆನ್ನ ಮೇಲೆ ಎರಡು ರೆಕ್ಕೆಯ ಚಿತ್ರವಿರುವ ಒಂದಾದರೂ ಟೀ ಶರ್ಟ್ ಕಣ್ಣಿಗೆ ಬೀಳುತ್ತದೆ. ಒಂದು ರೆಕ್ಕೆ ಬಿಳಿ, ಇನ್ನೊಂದು ನೀಲಿ. ಪಾನಿಪೂರಿ ಗಾಡಿಯ ಮುಂದೆ ತಟ್ಟೆ ಹಿಡಿದು ನಿಂತ ಹಿರಿಯರಿಗೆ ಅದು ಯಾವುದೋ ಬೈಕ್ ಕಂಪನಿಯ ಗುರುತು ಅನ್ನಿಸಬಹುದು. ಗೊತ್ತಿದ್ದವರಿಗೆ ಅದು ‘ಅಟ್ಯಾಕ್ ಆನ್ ಟೈಟನ್’ ಕಥೆಯಲ್ಲಿ ಬರುವ ಸರ್ವೇ ಕಾರ್ಪ್ಸ್ ಎಂಬ ಪಡೆಯ ಲಾಂಛನ. ಹಾಗೆ ಗುರುತು ಹಿಡಿದ ಇನ್ನೊಬ್ಬ ಹುಡುಗ ಪಕ್ಕದಲ್ಲಿ ನಿಂತ ಅಪರಿಚಿತನನ್ನು ‘ಗುರು, ಕೊನೇ ಸೀಸನ್ ಮುಗೀತಾ?’ ಎಂದು ಕೇಳಿಬಿಡುತ್ತಾನೆ. ಪೂರಿ ಮುಗಿಯುವಷ್ಟರಲ್ಲಿ ಇಬ್ಬರ ನಡುವೆ ವಾದ ಶುರುವಾಗಿರುತ್ತದೆ. ದೊಡ್ಡ ಪ್ರಮಾಣದ ಎಸ್ಕೇಪ್ ಗೇಮ್ ಕಟ್ಟಿರುವುದೇ ಈ ಸಲಿಗೆಯ ಮೇಲೆ.

ಆಟದ ಬೇರು ಇರುವುದು ಕಂಪ್ಯೂಟರಿನಲ್ಲಿ. 2004ರಲ್ಲಿ ತೊಶಿಮಿತ್ಸು ತಕಾಗಿ ಎಂಬ ಜಪಾನಿ ‘ಕ್ರಿಮ್ಸನ್ ರೂಮ್’ ಎಂಬ ಪುಟ್ಟ ಫ್ಲ್ಯಾಶ್ ಆಟ ಮಾಡಿದರು. ಕೆಂಪು ಗೋಡೆಯ ಕೋಣೆ, ಬೀಗ ಹಾಕಿದ ಬಾಗಿಲು. ಮೌಸ್‌ನಿಂದ ಅಲ್ಲಿ ಇಲ್ಲಿ ಒತ್ತಿ ಸಾಮಾನು ಹುಡುಕಿ ಹೊರಗೆ ಬರಬೇಕು, ಅಷ್ಟೇ. ಆ ಕಾಲದಲ್ಲಿ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಸುರಿದವರಲ್ಲಿ ಕೆಲವರಿಗಾದರೂ ಇದು ನೆನಪಿರಬೇಕು. ಕ್ಯೋಟೊ ನಗರದಲ್ಲಿ ‘ಸ್ಕ್ರ್ಯಾಪ್’ ಎಂಬ ಉಚಿತ ಪತ್ರಿಕೆ ನಡೆಸುತ್ತಿದ್ದ ತಕಾವೊ ಕಾಟೊ, ಇಂಥ ಆಟವನ್ನು ನಿಜವಾದ ಕೋಣೆಯಲ್ಲಿ ನಿಜವಾದ ಮನುಷ್ಯರ ಕೈಯಲ್ಲಿ ಆಡಿಸಿದರೆ ಹೇಗೆ ಎಂದುಕೊಂಡು, 2007ರಲ್ಲಿ ಆಡಿಸಿಯೇ ಬಿಟ್ಟರು. ಕಾಟೊ ಒಂದು ಬ್ಯಾಂಡ್‌ನಲ್ಲಿ ಹಾಡುತ್ತಲೂ ಇದ್ದವರು. ಜನರನ್ನು ಒಂದು ಜಾಗಕ್ಕೆ ಸೇರಿಸಿ, ಬೆಳಕು ಆರಿಸಿ, ಹೊತ್ತು ಗೊತ್ತಿಲ್ಲದಂತೆ ಹಿಡಿದಿಡುವ ವಿದ್ಯೆ ಅವರಿಗೆ ವೇದಿಕೆಯ ಮೇಲಿಂದಲೇ ಬಂದಿತ್ತು ಎಂದು ನನ್ನ ಊಹೆ.

ಅಲ್ಲಿಂದ ಎರಡು ಕವಲು. ಒಂದು ಯುರೋಪಿನದು. 2011ರಲ್ಲಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಅಟಿಲಾ ಗ್ಯುರ್ಕೋವಿಚ್ ಎಂಬುವರು ‘ಪಾರಾಪಾರ್ಕ್’ ತೆರೆದರು. ನಾಲ್ಕಾರು ಜನರನ್ನು ಒಂದು ಕೋಣೆಗೆ ಬಿಟ್ಟು ಬಾಗಿಲು ಹಾಕುವ ಈ ಮಾದರಿಯೇ ಎಸ್ಕೇಪ್ ರೂಮ್ ಎಂಬ ಹೆಸರಿನಲ್ಲಿ ಊರೂರಿಗೂ ಹಬ್ಬಿ, ನಮ್ಮ ಕೋರಮಂಗಲದವರೆಗೂ ಬಂದಿದೆ. ಆಫೀಸಿನವರು ಟೀಮ್ ಔಟಿಂಗ್ ಹೆಸರಿನಲ್ಲಿ ಹೋಗಿ ಬರುವುದು ಇಂಥ ಕಡೆಗೇ. ಸ್ಕಾಟ್ ನಿಕಲ್ಸನ್ ಎಂಬ ಸಂಶೋಧಕರು 2015ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 175 ಎಸ್ಕೇಪ್ ರೂಮ್‌ಗಳ ಸಮೀಕ್ಷೆ ಮಾಡಿದಾಗ ಗೆದ್ದು ಬರುವ ತಂಡಗಳ ಪ್ರಮಾಣ ಶೇ 40ರ ಆಸುಪಾಸು ಕಂಡಿತು. ಇನ್ನೊಂದು ಕವಲು ಜಪಾನಿನಲ್ಲೇ ಉಳಿದು ಅಗಲಕ್ಕೆ ಬೆಳೆಯಿತು. ಕೋಣೆ ಹೋಗಿ ಸಭಾಂಗಣವಾಯಿತು, ಸಭಾಂಗಣ ಹೋಗಿ ಬೇಸ್‌ಬಾಲ್ ಕ್ರೀಡಾಂಗಣವಾಯಿತು. ಟೋಕಿಯೊದ ಕಬುಕಿಚೊ ಪ್ರದೇಶದಲ್ಲಿ 2017ರ ಡಿಸೆಂಬರಿನಲ್ಲಿ ಇಂಥ ಆಟಗಳಿಗೆಂದೇ ಒಂದು ಕಟ್ಟಡವೂ ಬಾಗಿಲು ತೆರೆಯಿತು. ಅದರ ಹೆಸರು ‘ಟೋಕಿಯೊ ಮಿಸ್ಟರಿ ಸರ್ಕಸ್’. ಗೆಲ್ಲುವವರು ಶೇ 10ರಷ್ಟೂ ಇರದ ಆಟಗಳು ಸಿಗುವುದು ಈ ಕವಲಿನಲ್ಲಿ.

‘ಅಟ್ಯಾಕ್ ಆನ್ ಟೈಟನ್’ ಕಥೆಯನ್ನು ಕನ್ನಡಿಗರಿಗೆ ಹೇಳುವುದು ಸುಲಭ. ಚಿತ್ರದುರ್ಗವನ್ನು ನೆನೆದರೆ ಅರ್ಧ ಕಥೆ ಹೇಳಿದಂತೆಯೇ. ಅಲ್ಲಿ ಏಳು ಸುತ್ತಿನ ಕೋಟೆ, ಇಲ್ಲಿ ಮೂರು ಸುತ್ತಿನ ಗೋಡೆ. ಗೋಡೆಯ ಎತ್ತರ 50 ಮೀಟರ್, ಹೊರಗೆ ನರಭಕ್ಷಕ ದೈತ್ಯರು, ಒಳಗೆ ಉಳಿದಷ್ಟು ಮನುಷ್ಯರು. ಒಂದು ದಿನ 60 ಮೀಟರ್ ಎತ್ತರದ ಒಬ್ಬ ದೈತ್ಯ ಗೋಡೆಯಾಚೆಯಿಂದ ತಲೆ ಎತ್ತುತ್ತಾನೆ, ಬಾಗಿಲು ಒಡೆದು ಕಿಂಡಿಯಾಗುತ್ತದೆ. ಒನಕೆ ಓಬವ್ವನ ಕಥೆ ಕೇಳಿ ಬೆಳೆದವರಿಗೆ ಕಿಂಡಿಯೊಂದು ಊರಿಗೆ ಏನು ತರಬಲ್ಲದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಜಿಮೆ ಇಸಯಾಮ 2009ರಲ್ಲಿ ಮಾಂಗಾ, ಅಂದರೆ ಜಪಾನಿ ಚಿತ್ರಕಥೆಯ ರೂಪದಲ್ಲಿ ಶುರು ಮಾಡಿದ ಈ ಕಥೆ 2021ರಲ್ಲಿ 34 ಸಂಪುಟಗಳಿಗೆ ಮುಗಿಯಿತು. ಅನಿಮೆ 2013ರಲ್ಲಿ ಬಂತು. ಅದೇ ವರ್ಷ ಕಾಟೊ ಅವರ ಕಂಪನಿ ಜಪಾನಿನಲ್ಲಿ ಇದರ ಎಸ್ಕೇಪ್ ಗೇಮ್ ನಡೆಸಿತು. 2015ರ ಜನವರಿ ಕೊನೆಗೆ ಅದೇ ಆಟ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಎಟಿ ಆ್ಯಂಡ್ ಟಿ ಪಾರ್ಕ್ ಎಂಬ ಬೇಸ್‌ಬಾಲ್ ಕ್ರೀಡಾಂಗಣಕ್ಕೂ ಹೋಯಿತು. ಗೋಡೆ ಕಟ್ಟುವ ಖರ್ಚೇ ಇಲ್ಲ ನೋಡಿ, ಸುತ್ತಲೂ ಗ್ಯಾಲರಿ ಇರುವ ಕ್ರೀಡಾಂಗಣವೇ ಕೋಟೆ!

ನಡೆಯುವುದು ಹೀಗೆ. ಗೇಟಿನಲ್ಲಿ ಟಿಕೆಟ್ ತೋರಿಸಿದರೆ ಕೈಗೆ ಒಂದು ಲಕೋಟೆ ಕೊಡುತ್ತಾರೆ. ಒಳಗೆ ನಕ್ಷೆ, ಖಾಲಿ ಚೌಕಗಳ ಹಾಳೆ, ಕಥೆಗೆ ಸಂಬಂಧಿಸಿದ ಪತ್ರವೋ ಪತ್ರಿಕೆಯ ತುಣುಕೋ, ಒಂದು ಪೆನ್ಸಿಲ್. ಹೇಳುವವರೆಗೆ ಬಿಚ್ಚುವಂತಿಲ್ಲ. ಎಲ್ಲರೂ ಕೂತ ಮೇಲೆ ದೊಡ್ಡ ಪರದೆಯಲ್ಲಿ ಪೀಠಿಕೆ ಬರುತ್ತದೆ. ನೀವೀಗ ಪ್ರೇಕ್ಷಕರಲ್ಲ, ಸರ್ವೇ ಕಾರ್ಪ್ಸ್ ಪಡೆಗೆ ಹೊಸದಾಗಿ ಸೇರಿದ ಸಿಪಾಯಿಗಳು. ಗಡಿಯಾರ ಓಡಲು ಶುರುವಾದೊಡನೆ ಹಾಳೆಯ ಮೇಲಿನ ಸಣ್ಣ ಒಗಟುಗಳಿಗೆ ಮುಗಿಬೀಳುತ್ತಾರೆ. ಒಂದೊಂದು ಉತ್ತರವೂ ಒಂದೊಂದು ಪದ. ಪದಗಳನ್ನು ಚೌಕಗಳಲ್ಲಿ ತುಂಬಿದರೆ ಓರೆಯಾಗಿ ಇನ್ನೊಂದು ಪದ ಮೂಡುತ್ತದೆ, ಅದು ಮುಂದೆ ಯಾವ ಕಡೆಗೆ ಹೋಗಬೇಕೆಂದು ಹೇಳುತ್ತದೆ. ಅಲ್ಲಿ ಗೋಡೆಗೆ ಅಂಟಿಸಿದ ಫಲಕ, ಮತ್ತೆ ಒಗಟು. ಆಟಗಾರರು ನಿಜವಾಗಿ ನಡೆಯುವುದು ಇಲ್ಲಿ: ಗ್ಯಾಲರಿಯ ಮೆಟ್ಟಿಲು ಹತ್ತಿ ಇಳಿದು, ಎದುರಿಗೆ ಬಂದ ತಂಡದ ಮುಖ ನೋಡಿ ಅವರಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ಲೆಕ್ಕ ಹಾಕಿಕೊಂಡು.

ಇಷ್ಟನ್ನು ಮುಕ್ಕಾಲು ಪಾಲು ಜನ ಮಾಡಿ ಮುಗಿಸಿಬಿಡುತ್ತಾರೆ. ಗುಂಡಿ ತೋಡಿಟ್ಟಿರುವುದು ಕೊನೆಗೆ. ಕೊನೆಯ ಒಗಟಿಗೆ ಹೊಸ ಸಾಮಾನು ಏನೂ ಕೊಡುವುದಿಲ್ಲ. ಬೇಕಾದದ್ದು ಆಗಲೇ ನಿಮ್ಮ ಲಕೋಟೆಯಲ್ಲಿದೆ. ಮೊದಲು ಓದಿ ಪಕ್ಕಕ್ಕಿಟ್ಟ ಪತ್ರ, ಆಟದ ನಿಯಮ ಬರೆದ ಚೀಟಿ, ಕೊನೆಗೆ ಲಕೋಟೆಯ ಮೇಲಿನ ಮುದ್ರೆ, ಯಾವುದಾದರೂ ಆಗಬಹುದು. ಉತ್ತರ ಕಂಡ ಮೇಲೂ ‘ಇಷ್ಟು ಸುಲಭವೇ?’ ಎಂದು ಅನುಮಾನಪಟ್ಟು ಇನ್ನೊಂದು ಹೆಜ್ಜೆ ಯೋಚಿಸಿದವರಷ್ಟೇ ಪಾರು. ಸಮಯ ಮುಗಿದ ಗಂಟೆ ಬಾರಿಸಿದ ಮೇಲೆ ನಿರೂಪಕರು ವೇದಿಕೆಗೆ ಬಂದು ಒಂದೊಂದಾಗಿ ಗುಟ್ಟು ಬಿಡಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಆಟದ ಜೀವ ಇರುವುದು ಆ ಹತ್ತಿಪ್ಪತ್ತು ನಿಮಿಷದಲ್ಲಿ. ಕೈಯಲ್ಲಿದ್ದ ಕಾಗದವನ್ನೇ ಸಾವಿರ ಜನ ಒಟ್ಟಿಗೆ ತಿರುಗಿಸಿ ನೋಡಿ ‘ಅಯ್ಯೋ’ ಅನ್ನುವ ಸದ್ದು ಬೇರೆ ಯಾವ ಮನರಂಜನೆಯಲ್ಲಿ ಸಿಗುತ್ತದೆ? ಚಿಕ್ಕ ಕೋಣೆಯಲ್ಲಿ ಸೋತವರು ಐದೋ ಆರೋ ಜನ ಬೆಪ್ಪಾಗಿ ನಿಂತಿರುತ್ತಾರೆ. ಇಲ್ಲಿ ಸೋತವರದೇ ಬಹುಮತ.

ಹಾಗಾದರೆ ಅನಿಮೆಯೇ ಯಾಕೆ? ಪತ್ತೇದಾರಿ ಕಥೆಯೋ ದೆವ್ವದ ಕಥೆಯೋ ಆದರೆ ಪೀಠಿಕೆಗೇ ಅರ್ಧ ಗಂಟೆ ಬೇಕು. ಅಭಿಮಾನಿಗಳಿಗೆ ಕಥೆ ಬಾಯಿಪಾಠ. ಯಾರು ನಂಬಿಗಸ್ತ, ಯಾರ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಪರದೆಯ ಮೇಲೆ ನಾಯಕ ಕಾಣಿಸಿಕೊಂಡು ಅಪ್ಪಣೆ ಕೊಟ್ಟರೆ ಬಲಮುಷ್ಟಿಯನ್ನು ಎದೆಗೆ ಒತ್ತಿ ಸಲ್ಯೂಟ್ ಹೊಡೆಯುವುದಕ್ಕೆ ಯಾರೂ ತರಬೇತಿ ಕೊಡುವುದಿಲ್ಲ. ಡಿಟೆಕ್ಟಿವ್ ಕೋನನ್, ಒನ್ ಪೀಸ್‌ಗಳಂಥ ಹೆಸರುಗಳ ಮೇಲೂ ಜಪಾನಿನಲ್ಲಿ ಆಟಗಳು ಬಂದಿರುವುದು ಇದೇ ಕಾರಣಕ್ಕೆ.

ಆದರೆ ಒಂದು ಮಾತು ಹೊಸಬರು ತಿಳಿದಿರಬೇಕು. ಕಥೆ ಗೊತ್ತಿದ್ದರೆ ಆಟ ರುಚಿಸುತ್ತದೆ, ಉತ್ತರ ಸಿಗುವುದಿಲ್ಲ. ಒಳ್ಳೆಯ ಆಟದಲ್ಲಿ ಒಗಟಿಗೆ ಬೇಕಾದದ್ದೆಲ್ಲ ಲಕೋಟೆಯಲ್ಲೇ ಇರುತ್ತದೆ. ಹೊರಗಿನ ಪಾಂಡಿತ್ಯ ಬೇಡ. ಕಟ್ಟಾ ಅಭಿಮಾನಿಗಳು ಎಡವುವುದು ಇಲ್ಲಿಯೇ. ಮೂರಂಕಿಯ ನಂಬರ್ ಲಾಕ್ ಕಂಡರೆ ಸಾಕು, ಲೀವೈ ಎಂಬ ಪಾತ್ರದ ಎತ್ತರ 160 ಸೆಂಟಿಮೀಟರ್ ಎಂದು ನೆನಪು ಮಾಡಿಕೊಂಡು 160 ತಿರುಗಿಸಿ ನೋಡುತ್ತಾರೆ. ಆ ಹೊತ್ತಿಗೆ ಕಥೆಯ ಗಂಧವೇ ಇಲ್ಲದ, ಗೆಳತಿಯ ಬಲವಂತಕ್ಕೆ ಬಂದ ಹುಡುಗಿಯೊಬ್ಬಳು ಹಾಳೆಯನ್ನು ಬೆಳಕಿಗೆ ಹಿಡಿದು ಉತ್ತರ ಓದುತ್ತಿರುತ್ತಾಳೆ. ತಂಡದಲ್ಲಿ ಅಂಥವರು ಒಬ್ಬರು ಇರಲೇಬೇಕು.

ಬೆಂಗಳೂರಿನಲ್ಲಿ ಅಭಿಮಾನಿಗಳಿಗೆ ಬರವಿಲ್ಲ. ಈಗ ಇಪ್ಪತ್ತರ ಆಚೀಚೆ ಇರುವವರು ಟಿ.ವಿ. ಮುಂದೆ ಬೆಳೆದದ್ದೇ ಜಪಾನಿ ಕಾರ್ಟೂನುಗಳ ಜೊತೆ. ಪೋಕೆಮಾನ್ 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ಗೆ ಬಂತು, ಅನಿಮೆಗೆಂದೇ ಅನಿಮ್ಯಾಕ್ಸ್ ವಾಹಿನಿ 2004ರಲ್ಲಿ ಶುರುವಾಯಿತು, ಹಂಗಾಮಾ ವಾಹಿನಿಯಲ್ಲಿ ಡೋರೆಮಾನ್, ಶಿಂಚಾನ್ ಆಮೇಲೆ. ನಮ್ಮ ಬನಶಂಕರಿ ಸೀಮೆಯ ಎಷ್ಟೋ ಮಕ್ಕಳು ಹಿಂದಿ ಕಲಿತದ್ದು ಮೇಷ್ಟರಿಂದಲ್ಲ, ಶಿಂಚಾನ್‌ನಿಂದ; ಅವನ ಹಾಗೆಯೇ ಎದುರು ಮಾತಾಡಲೂ ಕಲಿತವು ಎಂಬುದು ಅಮ್ಮಂದಿರ ದೂರು. ಜಪಾನಿ ಭಾಷೆ ಕಲಿಸುವವರು, ಕಲಿಯುವವರು ಸೇರಿ 2005ರಿಂದ ನಡೆಸಿಕೊಂಡು ಬಂದಿರುವ ಉತ್ಸವದ ಹೆಸರಿನಲ್ಲೇ ಕನ್ನಡವಿದೆ: ‘ಜಪಾನ್ ಹಬ್ಬ’. 2012ರ ಸೆಪ್ಟೆಂಬರಿನಲ್ಲಿ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಕಾಮಿಕ್ಸ್, ಕಾರ್ಟೂನು ಅಭಿಮಾನಿಗಳ ಮೇಳವಾದ ಕಾಮಿಕ್ ಕಾನ್ ಊರಿನಲ್ಲಿ ಮೊದಲ ಸಲ ನಡೆಯಿತು. ಆಮೇಲೆ ಅದು ವೈಟ್‌ಫೀಲ್ಡ್‌ನ ಕೆಟಿಪಿಒ ಸಭಾಂಗಣಕ್ಕೆ ಹೋಯಿತು. ಕತ್ರಿಗುಪ್ಪೆಯಿಂದ ವೈಟ್‌ಫೀಲ್ಡ್ ಎಂದರೆ ಒಂದು ಕಾಲಕ್ಕೆ ಪರವೂರೇ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಆಯಿತು. ಮೇಳಕ್ಕೆಂದು ಮೆಚ್ಚಿನ ಪಾತ್ರಗಳ ವೇಷ ಹಾಕಿ, ರಟ್ಟಿನ ಕತ್ತಿ, ಬಣ್ಣದ ವಿಗ್, ನೆಲ ಗುಡಿಸುವ ನಿಲುವಂಗಿಯಲ್ಲಿ ಹುಡುಗ ಹುಡುಗಿಯರು ಹಸಿರು ಮಾರ್ಗದ ರೈಲಿನಲ್ಲಿ ಕಂಬಿ ಹಿಡಿದು ನಿಂತದ್ದನ್ನು ನೋಡಬೇಕು. ಎದುರು ಕೂತ ಅಜ್ಜಿಯೊಬ್ಬರು ‘ಯಾವ ನಾಟಕನಮ್ಮ?’ ಎಂದು ವಿಚಾರಿಸಿದ್ದನ್ನು ನಾನೇ ಕೇಳಿದ್ದೇನೆ.

ಇಷ್ಟಿದ್ದೂ ಕನ್ನಡ ಮಾತ್ರ ಬಾಗಿಲ ಹೊರಗೆ. ಮಕೋಟೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯು’ 2019ರಲ್ಲಿ ಇಲ್ಲಿನ ಚಿತ್ರಮಂದಿರಗಳಿಗೆ ಬಂದದ್ದು ಸಾವಿರಾರು ಅಭಿಮಾನಿಗಳು ಸಹಿ ಹಾಕಿ ಮನವಿ ಮಾಡಿದ ಮೇಲೆ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಂದಾಗ ಜಪಾನಿ, ಇಂಗ್ಲಿಷ್ ಅಲ್ಲದೆ ಹಿಂದಿ, ತಮಿಳು, ತೆಲುಗಿನಲ್ಲೂ ಇತ್ತು, ಕನ್ನಡದಲ್ಲಿ ಇರಲಿಲ್ಲ. ಡಬ್ಬಿಂಗ್ ಬೇಡ ಎಂದು ದಶಕಗಟ್ಟಲೆ ಹಟ ಹಿಡಿದದ್ದರ ಫಲ ಇದು ಎಂದರೆ ಕೆಲವರಿಗೆ ಕೋಪ ಬರುತ್ತದೆ, ಬರಲಿ. ಕತ್ರಿಗುಪ್ಪೆಯ ಹುಡುಗರು ಜಪಾನಿಯಲ್ಲಿ ಕೇಳುತ್ತಾರೆ, ಇಂಗ್ಲಿಷಿನಲ್ಲಿ ಸಬ್ ಓದುತ್ತಾರೆ, ಜಗಳ ಮಾತ್ರ ಕನ್ನಡದಲ್ಲಿ ಆಡುತ್ತಾರೆ.

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಕಾಲೇಜು ಹುಡುಗರು ತಾವೇ ಒಂದು ಎಸ್ಕೇಪ್ ಗೇಮ್ ಮಾಡಿದರು. ಜಾಗ ಒಂದು ಮನೆಯ ತಾರಸಿ. ಬಟ್ಟೆ ಒಣಹಾಕುವ ತಂತಿಗಳ ಮೇಲೆ ಹಳೆಯ ಹೊದಿಕೆಗಳನ್ನು ಇಳಿಬಿಟ್ಟು ಮೂರು ಸುತ್ತಿನ ಗೋಡೆ ಮಾಡಿದ್ದರು. ಅಕ್ಕಂದಿರ ಹಸಿರು ದುಪಟ್ಟಾಗಳೆಲ್ಲ ಸಿಪಾಯಿಗಳ ನಿಲುವಂಗಿ. ಮನೆಯ ಆಂಟಿ ಹಾಕಿದ ಷರತ್ತು ಒಂದೇ: ‘ಸಿಂಟೆಕ್ಸ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡ್ರಪ್ಪ.’ ಒಂದು ಸಲಕ್ಕೆ ಐದು ಜನ, ಮುಕ್ಕಾಲು ಗಂಟೆ. ಕೊನೆಗೆ ಒಂದು ಟ್ರಂಕು, ಅದಕ್ಕೆ ನಾಲ್ಕಂಕಿಯ ನಂಬರ್ ಲಾಕ್. ಸುಳಿವಿನ ಚೀಟಿಯಲ್ಲಿ ಬಾಗಿಲಿನ ಚಿತ್ರ, ಕೆಳಗೆ ನಾಲ್ಕು ಖಾಲಿ ಮನೆ. ಮೊದಲ ಎರಡರ ಕೆಳಗೆ ಒಂದು ಗೆರೆ, ಮುಂದಿನ ಎರಡರ ಕೆಳಗೆ ಒಂದು ಗೆರೆ. ‘ಲೋ ಮಗಾ, ಹಲಗೆ ಎಷ್ಟಿವೆ ಎಣಿಸೋ’ ಎಂದು ಒಬ್ಬ, ಮನೆ ನಂಬರ್ ನೋಡಲು ಕೆಳಗೆ ಓಡಿದವನು ಇನ್ನೊಬ್ಬ. ಮೊದಲು ಆಡಿದ ತಂಡಗಳೆಲ್ಲ ಅಲ್ಲೇ ಮುಗ್ಗರಿಸಿದವು.

ಉತ್ತರ ಇದ್ದದ್ದು ಎಲ್ಲರ ಕಣ್ಣೆದುರಿಗೇ. ಮೆಟ್ಟಿಲ ಗೋಡೆಗೆ ಒಂದು ಹಳೆಯ ಕನ್ನಡ ವರ್ಣಮಾಲೆಯ ಚಾರ್ಟ್ ಅಂಟಿಸಿದ್ದರು. ಮನೆಯವರದ್ದಿರಬೇಕು ಎಂದು ಯಾರೂ ತಿರುಗಿ ನೋಡಿರಲಿಲ್ಲ. ವರ್ಗೀಯ ವ್ಯಂಜನಗಳು ಐದು ಸಾಲು, ಸಾಲಿಗೆ ಐದು ಅಕ್ಷರ. ಬಾಗಿಲು ಎಂದರೆ ಕದ. ‘ಕ’ ಮೊದಲ ಸಾಲಿನ ಮೊದಲ ಅಕ್ಷರ, ಹನ್ನೊಂದು. ‘ದ’ ನಾಲ್ಕನೇ ಸಾಲಿನ ಮೂರನೆಯದು, ನಲವತ್ತಮೂರು. 1143 ತಿರುಗಿಸಿದರೆ ಬೀಗ ಬಿಚ್ಚಿತು. ಕಂಡುಹಿಡಿದವಳು ಏಳನೇ ಕ್ಲಾಸಿನ ಹುಡುಗಿ, ಅಣ್ಣನ ಬಾಲ ಹಿಡಿದು ಬಂದಿದ್ದವಳು. ಅವಳು ಟೈಟನ್ ನೋಡಿದವಳೂ ಅಲ್ಲ, ಅವರಮ್ಮ ನೋಡಲು ಬಿಟ್ಟಿಲ್ಲ.

ಆ ಹುಡುಗರು ಮಾಡಿದ ಒಗಟು ನನಗೆ ಇಷ್ಟವಾಗಲು ಕಾರಣ ಅದು ಇಂಗ್ಲಿಷಿನಲ್ಲಿ ಹುಟ್ಟಲು ಸಾಧ್ಯವಿಲ್ಲದ್ದು. ಕನ್ನಡದಲ್ಲಿ ಇಂಥ ಸರಕು ರಾಶಿ ರಾಶಿ ಬಿದ್ದಿದೆ. ಕುಮುದೇಂದು ಮುನಿಯ ‘ಸಿರಿಭೂವಲಯ’ ಅಂಕಿಗಳಲ್ಲೇ ಬರೆದ ಗ್ರಂಥ: 27 ಅಡ್ಡ, 27 ಉದ್ದದ ಚೌಕ, 729 ಮನೆಗಳು, 1ರಿಂದ 64ರವರೆಗಿನ ಅಂಕಿಗಳು. ಅಂಕಿಗೊಂದು ಅಕ್ಷರ, ಯಾವ ಮನೆಯಿಂದ ಯಾವ ಮನೆಗೆ ನೆಗೆಯಬೇಕೆಂಬ ಬಂಧ ಗೊತ್ತಿದ್ದರೆ ಪದ್ಯ ಬರುತ್ತದೆ, ಇಲ್ಲದಿದ್ದರೆ ಬರೀ ಲೆಕ್ಕದ ಪುಸ್ತಕ. 1953ರಲ್ಲಿ ಇದನ್ನು ಅಚ್ಚು ಹಾಕಿಸಿ ಬೆಳಕಿಗೆ ತಂದವರು ಕರ್ಲಮಂಗಲಂ ಶ್ರೀಕಂಠಯ್ಯ ಮತ್ತು ಯಲ್ಲಪ್ಪ ಶಾಸ್ತ್ರಿ. ಕೃತಿಯ ಕಾಲದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಟ್ಟು ಬರುವ ಹಾದಿಗಳನ್ನು ಹೆಣೆದು, ಬಗೆಬಗೆಯ ಮನೆಯಾಟಗಳನ್ನೂ ರೂಪಿಸಿದವರು. ಎಸ್ಕೇಪ್ ಗೇಮ್ ನಡೆಸುವವರು ಸೀಸರ್ ಸೈಫರ್, ಮೋರ್ಸ್ ಕೋಡ್ ಎಂದು ಸವೆದ ನಾಣ್ಯವನ್ನೇ ಚಲಾಯಿಸುವ ಬದಲು ಇತ್ತ ಒಮ್ಮೆ ಕಣ್ಣು ಹಾಯಿಸಬಾರದೇ? ಒತ್ತಕ್ಷರ ಕಿತ್ತರೆ ಬೇರೆ ಅರ್ಥ ಕೊಡುವ ಪದಗಳೇ ಒಂದು ಆಟಕ್ಕೆ ಸಾಕು.

ಇಂಥ ಆಟವನ್ನು ಬೆಂಗಳೂರಿನಲ್ಲಿ ಕ್ರೀಡಾಂಗಣದ ಮಟ್ಟಕ್ಕೆ ಒಯ್ಯುವುದಾದರೆ ಒಗಟಿಗಿಂತ ಮೊದಲು ಗೇಟಿನ ಬಗ್ಗೆ ಯೋಚಿಸಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದೇ ವರ್ಷ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆಂದೇ ಮಸೂದೆ ಮಂಡಿಸಿತು. ಚಿಕ್ಕ ಕೋಣೆಗಳೂ ಅಪಾಯಕ್ಕೆ ಹೊರತಲ್ಲ: 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ಎಂಬ ಊರಿನ ಎಸ್ಕೇಪ್ ರೂಮ್‌ನಲ್ಲಿ ಬೆಂಕಿ ಬಿದ್ದು, ಹುಟ್ಟುಹಬ್ಬಕ್ಕೆಂದು ಬಂದಿದ್ದ 15 ವರ್ಷದ ಐವರು ಹುಡುಗಿಯರು ಹೊರಬರಲಾಗದೆ ತೀರಿಕೊಂಡರು. ಬೀಗ ಆಟದ್ದಾಗಿರಬೇಕು, ಬಾಗಿಲು ಸದಾ ತೆರೆಯುವಂತಿರಬೇಕು. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮ ಟಿಕೆಟ್ ತೆಗೆಯುವ ಮುಂಚೆ ‘ಕರೆಂಟ್ ಹೋದರೆ, ಹೊಗೆ ಬಂದರೆ ಬಾಗಿಲು ತೆಗೆಯುವವರು ಯಾರು?’ ಎಂದು ಕೇಳಲಿ. ಸರಿಯಾದ ಉತ್ತರ ಬರದಿದ್ದರೆ ವಾಪಸ್ ಕರೆದುಕೊಂಡು ಬನ್ನಿ, ಮುಲಾಜು ಬೇಡ.

ಮೊದಲ ಸಲ ಹೋಗುವವರಿಗೆ ಇನ್ನೊಂದೆರಡು ಮಾತು. ಕಾಗದವನ್ನೆಲ್ಲ ಒಬ್ಬರೇ ತಬ್ಬಿಕೊಂಡು ಕೂರಬೇಡಿ, ಮೇಜಿನ ಮೇಲೆ ಹರಡಿ. ಹೊಳೆದದ್ದನ್ನು ತಪ್ಪಾದರೂ ಪರವಾಗಿಲ್ಲ, ಜೋರಾಗಿ ಹೇಳಿ. ನಿಮ್ಮ ತಪ್ಪು ಉತ್ತರದಲ್ಲಿ ಪಕ್ಕದವರಿಗೆ ಸರಿಯಾದದ್ದು ಸಿಕ್ಕೀತು. ಗೊತ್ತಿಲ್ಲದವರ ಜೊತೆ ಕೂರಿಸಿದರೆ ಬೇಸರಪಟ್ಟುಕೊಳ್ಳಬೇಡಿ, ಕೊನೆಗೆ ಊಟಕ್ಕೆ ಹೋಗುವುದು ಅವರ ಜೊತೆಗೇ. ನಡೆಸುವವರಲ್ಲಿ ಕೋರುವುದು ಇಷ್ಟೆ: ಈ ಊರಿನಲ್ಲಿ ಆಟ ಮಾಡಿದರೆ ಲಕೋಟೆಯೊಳಗೆ ಕನ್ನಡದ ಹಾಳೆಯೂ ಒಂದಿರಲಿ. ಇನ್ನು ಆಡಿ ಬಂದವರಲ್ಲಿ ಒಂದು ವಿನಂತಿ. ಸಿನಿಮಾದ ಕಥೆ ಹೇಳಿದರೂ ಅದನ್ನು ನೋಡಬಹುದು, ಈ ಆಟವನ್ನು ಒಬ್ಬರು ಆಡಲು ಸಿಗುವುದು ಒಂದೇ ಸಲ. ಯಾರು ಎಷ್ಟು ಕಾಡಿದರೂ ಉತ್ತರ ಮಾತ್ರ ಹೇಳಬೇಡಿ.